ಒಂದೇ ಪೈನ್ ಮರ, ಐದು ಕೊರಕ ದುಂಬಿಗಳು

ಅಮೆರಿಕದ ದಕ್ಷಿಣ ಭಾಗದಲ್ಲಿ, ಟೆಕ್ಸಾಸ್‌ನಿಂದ ಹಿಡಿದು ಜಾರ್ಜಿಯಾ, ಕೆರೊಲಿನಾಗಳವರೆಗೆ, ಲಾಬ್ಲಾಲಿ ಪೈನ್ ಎಂಬ ಮರ ಮೈಲಿಗಟ್ಟಲೆ ಬೆಳೆದು ನಿಂತಿದೆ. ಬೇಸಿಗೆಯಲ್ಲಿ ಸಿಡಿಲು ಹೊಡೆದು ಸೊರಗಿದ ಒಂದು ಮರವನ್ನು ಕೆಡವಿ, ಬುಡದಿಂದ ತುದಿಯವರೆಗೆ ತೊಗಟೆ ಸುಲಿದು ನೋಡಿದರೆ ಐದು ಜಾತಿಯ ತೊಗಟೆ ದುಂಬಿಗಳು ಸಿಗಬಹುದು. ಐದಕ್ಕೂ ಬೇಕಾಗಿರುವುದು ಒಂದೇ ಪದರ. ಹೊರಗಿನ ಒರಟು ತೊಗಟೆಗೂ ಮರಕ್ಕೂ ನಡುವೆ ಕೆಲವೇ ಮಿಲಿಮೀಟರ್ ದಪ್ಪ ಇರುವ, ಎಲೆ ಮಾಡಿದ ಸಕ್ಕರೆ ಹರಿಯುವ ಒಳತೊಗಟೆ. ಅದರಲ್ಲೇ ಸುರಂಗ ಕೊರೆಯುತ್ತವೆ, ಅದರಲ್ಲೇ ಮೊಟ್ಟೆ ಇಡುತ್ತವೆ, ಮರಿಹುಳುಗಳು ಅದನ್ನೇ ತಿಂದು ಬೆಳೆಯುತ್ತವೆ. ಒಂದು ಮರದ ಒಳತೊಗಟೆ ಒಂದೇ ಸಲಕ್ಕೆ ಆಗುವ ಊಟ. ತಿಂದು ಮುಗಿದರೆ ಮುಗಿಯಿತು.

ಹಾಗಿದ್ದ ಮೇಲೆ ಐದರಲ್ಲಿ ಜೋರಾದದ್ದು ಒಂದು ಉಳಿದು, ಮಿಕ್ಕ ನಾಲ್ಕು ಕಾಡಿನಿಂದಲೇ ಕಾಣೆಯಾಗಬೇಕಿತ್ತು ಅಲ್ವಾ?

ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ರಷ್ಯಾದ ಜೀವವಿಜ್ಞಾನಿ ಗಾಸ್ 1934ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಎರಡು ಜಾತಿಗಳನ್ನು ಬೇರೆ ಬೇರೆ ಗಾಜಿನ ಕೊಳವೆಗಳಲ್ಲಿ ಬೆಳೆಸಿದಾಗ ಎರಡೂ ಚೆನ್ನಾಗಿಯೇ ಇದ್ದವು. ಒಂದೇ ಕೊಳವೆಗೆ ಹಾಕಿದಾಗ ಆರೇಲಿಯ ಎಂಬುದು ಉಳಿಯಿತು, ಕಾಡೇಟಂ ಎಂಬುದು ಅಳಿಯಿತು. ಒಂದೇ ಜಾಗ, ಒಂದೇ ಆಹಾರ ಅಂದರೆ ಒಂದೇ ಜಾತಿ ಎಂಬ ನಿಯಮ ಪಠ್ಯಪುಸ್ತಕಗಳಿಗೆ ಬಂದದ್ದು ಹೀಗೆ. ಆದರೆ ಗಾಸ್ ಇನ್ನೊಂದು ಜೋಡಿಯನ್ನೂ ಪರೀಕ್ಷಿಸಿದ್ದರು. ಕಾಡೇಟಂ ಜೊತೆ ಬುರ್ಸಾರಿಯ ಎಂಬ ಮೂರನೇ ಜಾತಿಯನ್ನು ಹಾಕಿದಾಗ ಎರಡೂ ಉಳಿದವು. ಒಂದು ಮೇಲೆ ತೇಲುವ ಬ್ಯಾಕ್ಟೀರಿಯಾ ತಿನ್ನುತ್ತಿತ್ತು, ಇನ್ನೊಂದು ತಳದಲ್ಲಿ ಕೂತ ಯೀಸ್ಟ್ ತಿನ್ನುತ್ತಿತ್ತು. ಮೊದಲನೇ ಪ್ರಯೋಗವನ್ನು ಎಲ್ಲರೂ ಹೇಳುತ್ತಾರೆ. ದುಂಬಿಗಳನ್ನು ಅರ್ಥ ಮಾಡಿಕೊಳ್ಳಲು ಜಾಸ್ತಿ ಬೇಕಾಗುವುದು ಈ ಎರಡನೆಯದು.

ಮೊದಲು ಐದು ದುಂಬಿಗಳ ಪರಿಚಯ ಮಾಡಿಕೊಳ್ಳೋಣ. ಇವುಗಳಲ್ಲಿ ಮೂರು ಇಪ್ಸ್ ಕುಲದವು: ಅವಲ್ಸಸ್, ಗ್ರಾಂಡಿಕಾಲಿಸ್, ಕ್ಯಾಲಿಗ್ರಾಫಸ್. ಮೂರೂ ಕಂದು ಬಣ್ಣ, ಮೂರೂ ಉರುಟು ಮೈ. ಬರಿಗಣ್ಣಿಗೆ ಗಾತ್ರದ ವ್ಯತ್ಯಾಸ ಬಿಟ್ಟರೆ ಬೇರೇನೂ ಕಾಣದು. ಭೂತಗನ್ನಡಿ ಹಿಡಿದು ಹಿಂಭಾಗ ನೋಡಬೇಕು. ರೆಕ್ಕೆಯ ಗಟ್ಟಿ ಮುಚ್ಚಳ ಕೊನೆಯಲ್ಲಿ ಇಳಿಜಾರಾಗಿ, ಸ್ವಲ್ಪ ತಗ್ಗಾಗಿ ಮುಗಿಯುತ್ತದೆ. ಆ ಇಳಿಜಾರಿನ ಅಂಚಿನಲ್ಲಿ ಪುಟ್ಟ ಮುಳ್ಳುಗಳ ಸಾಲಿದೆ. ಅವಲ್ಸಸ್‌ಗೆ ಒಂದೊಂದು ಪಕ್ಕದಲ್ಲಿ 4 ಮುಳ್ಳು, ಗ್ರಾಂಡಿಕಾಲಿಸ್‌ಗೆ 5, ಕ್ಯಾಲಿಗ್ರಾಫಸ್‌ಗೆ 6. ಗಾತ್ರವೂ ಅದೇ ಕ್ರಮದಲ್ಲಿ ಏರುತ್ತದೆ. 4 ಮುಳ್ಳಿನದು ಎರಡೂವರೆ ಮಿಲಿಮೀಟರ್ ಆಸುಪಾಸು, 5ರದ್ದು ಮೂರರಿಂದ ನಾಲ್ಕು, 6ರದ್ದು ನಾಲ್ಕರಿಂದ ಐದು. ಈ ಮುಳ್ಳಿನ ತಗ್ಗನ್ನು ಅವು ಸುರಂಗದಲ್ಲಿ ಬಿದ್ದ ಹುಡಿಯನ್ನು ಹಿಂದಕ್ಕೆ ತಳ್ಳಿ ಹೊರಹಾಕಲು ಬಳಸುತ್ತವೆ. ಆದ್ದರಿಂದಲೇ ಇಪ್ಸ್ ಸುರಂಗ ಯಾವಾಗಲೂ ಗುಡಿಸಿಟ್ಟಷ್ಟು ಚೊಕ್ಕಟ.

ಉಳಿದ ಎರಡು ಡೆಂಡ್ರಾಕ್ಟೋನಸ್ ಕುಲದವು. ಒಂದು ಸದರ್ನ್ ಪೈನ್ ಬೀಟಲ್. ಚಿಕ್ಕದು, ಎರಡರಿಂದ ನಾಲ್ಕು ಮಿಲಿಮೀಟರ್. ಆದರೆ ಐದರಲ್ಲಿ ಅತಿ ಅಪಾಯದ್ದು ಇದೇ. ಸಾವಿರಗಟ್ಟಲೆ ಸೇರಿ ನುಗ್ಗಿ ಗಟ್ಟಿಮುಟ್ಟಾದ ಮರವನ್ನೂ ಕೊಲ್ಲಬಲ್ಲದು. ಇನ್ನೊಂದು ಬ್ಲ್ಯಾಕ್ ಟರ್ಪೆಂಟೈನ್ ಬೀಟಲ್. ಐದರಿಂದ ಎಂಟು ಮಿಲಿಮೀಟರ್, ಈ ಗುಂಪಿನ ದೊಡ್ಡಣ್ಣ.

ದುಂಬಿಯೇ ಕಾಣಿಸದಿದ್ದರೂ ಪರವಾಗಿಲ್ಲ, ಸುರಂಗದ ನಕ್ಷೆ ನೋಡಿ ಯಾರ ಕೆಲಸ ಎಂದು ಹೇಳಬಹುದು. ಇಪ್ಸ್‌ಗಳಲ್ಲಿ ಮೊದಲು ಬರುವುದು ಗಂಡು. ತೊಗಟೆಯಡಿ ಒಂದು ಸಣ್ಣ ಕೋಣೆ ಕೊರೆದು ವಾಸನೆ ಬಿಡುತ್ತದೆ. ಎರಡು, ಮೂರು, ಕೆಲವು ಸಲ ಇನ್ನೂ ಹೆಚ್ಚು ಹೆಣ್ಣುಗಳು ಬರುತ್ತವೆ. ಒಂದೊಂದು ಹೆಣ್ಣೂ ಆ ಕೋಣೆಯಿಂದ ತನ್ನದೇ ಸುರಂಗ ತೆಗೆಯುತ್ತದೆ. ಹಾಗಾಗಿ ಇಂಗ್ಲಿಷಿನ ವೈ ಅಥವಾ ಎಚ್ ಅಕ್ಷರದ ಆಕಾರ ಮೂಡುತ್ತದೆ. ಡೆಂಡ್ರಾಕ್ಟೋನಸ್‌ನಲ್ಲಿ ಮೊದಲು ಕೊರೆಯುವುದು ಹೆಣ್ಣು, ಒಂದು ಹೆಣ್ಣಿಗೆ ಒಂದು ಗಂಡು. ಸದರ್ನ್ ಪೈನ್ ಬೀಟಲ್‌ನ ಸುರಂಗ ಸೊಟ್ಟಸೊಟ್ಟಗೆ ಹರಿದು ಒಂದರ ಮೇಲೊಂದು ಹಾಯ್ದು ಹೋಗುತ್ತದೆ, ಒಳಗೆಲ್ಲ ಹುಡಿ ತುಂಬಿರುತ್ತದೆ. ಟರ್ಪೆಂಟೈನ್ ಬೀಟಲ್‌ನ ಮರಿಹುಳುಗಳಂತೂ ತಮ್ಮ ತಮ್ಮ ದಾರಿ ಹಿಡಿಯದೆ ಸಾಲಾಗಿ ನಿಂತು ಒಟ್ಟಿಗೆ ಮೇಯುತ್ತವೆ. ಅವು ಹೋದ ಜಾಗದಲ್ಲಿ ಅಗಲವಾದ ಒಂದು ಬೋಳು ಪಟ್ಟಿ ಉಳಿಯುತ್ತದೆ.

ಈಗ ಮರದ ಯಾವ ಎತ್ತರದಲ್ಲಿ ಯಾರಿದ್ದಾರೆ ನೋಡೋಣ. ಬುಡದ ಎರಡು ಮೀಟರ್ ಒಳಗೆ ಮತ್ತು ಕಡಿದ ಹಸಿ ಬೊಡ್ಡೆಗಳಲ್ಲಿ ಟರ್ಪೆಂಟೈನ್ ಬೀಟಲ್. ಕಾಂಡದ ಕೆಳಭಾಗದ ದಪ್ಪ ತೊಗಟೆಯಲ್ಲಿ ಆರು ಮುಳ್ಳಿನ ಕ್ಯಾಲಿಗ್ರಾಫಸ್. ನಡು ಕಾಂಡದಲ್ಲಿ ಸದರ್ನ್ ಪೈನ್ ಬೀಟಲ್. ನಡುವಿನಿಂದ ಮೇಲಕ್ಕೆ ಐದು ಮುಳ್ಳಿನದು. ತುದಿಯ ಕಾಂಡ ಮತ್ತು ಕೊಂಬೆಗಳಲ್ಲಿ ನಾಲ್ಕು ಮುಳ್ಳಿನ ಪುಟಾಣಿ ಅವಲ್ಸಸ್. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮರದ ಮೇಲೆ ಹೋದ ಹಾಗೆ ತೊಗಟೆ ತೆಳ್ಳಗಾಗುತ್ತದೆ. ದೊಡ್ಡ ಮೈಯ ದುಂಬಿಗೆ ಅಲ್ಲಿ ಜಾಗ ಸಾಲದು, ಅದರ ಮರಿಗಳಿಗೆ ಊಟವೂ ಸಾಲದು. ಕ್ಯಾಲಿಗ್ರಾಫಸ್‌ಗೆ ಒಳತೊಗಟೆ ದಪ್ಪ ಇದ್ದಷ್ಟೂ ಸಂತಾನ ಜಾಸ್ತಿ. ಇನ್ನು ಅವಲ್ಸಸ್‌ಗೆ ತೆಳು ತೊಗಟೆಯೇ ಸಾಕು, ಅದರ ಆತುರವೂ ಬೇರೆ ಥರದ್ದು. ಬೇಸಿಗೆಯಲ್ಲಿ ಮೂರು ವಾರ, ಹೆಚ್ಚುಕಡಿಮೆ ಅಷ್ಟರಲ್ಲಿ ಮೊಟ್ಟೆಯಿಂದ ದುಂಬಿಯಾಗಿ ಹಾರಿ ಹೋಗುತ್ತದೆ. ಬುಡದಲ್ಲಿರುವ ಟರ್ಪೆಂಟೈನ್ ಬೀಟಲ್‌ಗೆ ಎರಡೂವರೆಯಿಂದ ನಾಲ್ಕು ತಿಂಗಳು ಬೇಕು. ಬೇಗ ಒಣಗುವ ಕೊಂಬೆಯಲ್ಲಿ ಅಷ್ಟು ನಿಧಾನ ನಡೆಯದು.

ಇಂಥದ್ದೇ ಒಂದು ಚಿತ್ರವನ್ನು ಪರಿಸರ ವಿಜ್ಞಾನಿ ರಾಬರ್ಟ್ ಮ್ಯಾಕ್‌ಆರ್ಥರ್ 1958ರಲ್ಲಿ ಹಕ್ಕಿಗಳಲ್ಲಿ ತೋರಿಸಿದ್ದರು. ಅಮೆರಿಕದ ಈಶಾನ್ಯದ ಸ್ಪ್ರೂಸ್ ಮರಗಳಲ್ಲಿ ಐದು ಜಾತಿಯ ವಾರ್ಬ್ಲರ್ ಹಕ್ಕಿಗಳು ಒಂದೇ ಮರದ ಬೇರೆ ಬೇರೆ ಭಾಗಗಳಲ್ಲಿ ಹುಳ ಹುಡುಕುತ್ತಿದ್ದವು. ಅಲ್ಲೂ ಐದು, ಇಲ್ಲೂ ಐದು. ಕಾಕತಾಳೀಯ ಅಷ್ಟೇ, ಅದಕ್ಕೆ ವಿಶೇಷ ಅರ್ಥವಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಲೇಖನ ಚೆಂದವಾಗಿ ಮುಗಿಯುತ್ತದೆ: ಮರವನ್ನು ಹಂಚಿಕೊಂಡವು, ಸುಖವಾಗಿದ್ದವು. ಆದರೆ ತೊಗಟೆ ಸುಲಿದು ನಿಜವಾಗಿ ಲೆಕ್ಕ ಹಾಕಿದವರಿಗೆ ಗೊತ್ತು, ಗಡಿಗಳು ಅಷ್ಟು ನೇರವಾಗಿಲ್ಲ. ಒಂದರ ಜಾಗಕ್ಕೆ ಇನ್ನೊಂದು ನುಗ್ಗಿರುತ್ತದೆ. ಒಂದೇ ಅಂಗೈ ಅಗಲದ ತೊಗಟೆಯಲ್ಲಿ ಎರಡು ಜಾತಿಯ ಸುರಂಗಗಳು ಸಿಗುತ್ತವೆ. ಉಳಿದವು ಬಾರದ ಮರದಲ್ಲಿ ಒಂದು ಜಾತಿ ತನ್ನ ಮಾಮೂಲಿ ಎಲ್ಲೆ ದಾಟಿ ಹರಡುವುದೂ ಉಂಟು.

ಇನ್ನೊಂದು ತೊಡಕೂ ಇದೆ. ಎರಡು ಜಾತಿಗಳು ಬೇರೆ ಬೇರೆ ಕಡೆ ಇವೆ ಅಂದಮಾತ್ರಕ್ಕೆ ಪೈಪೋಟಿಯಿಂದಲೇ ಬೇರೆಯಾದವು ಅನ್ನಲಾಗದು. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳನ್ನೇ ನೋಡಿ. ಅರೇಬಿಕಾ ಗಿಡದ ಕಾಂಡಕ್ಕೆ ಬೀಳುವುದು ಬಿಳಿ ಕಾಂಡಕೊರಕ. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಹುಳು ಮೊದಲು ತೊಗಟೆಯಡಿ ತಿಂದು ಆಮೇಲೆ ಮರದೊಳಗೆ ನುಗ್ಗುತ್ತದೆ. ನೆರಳು ಕಾಪಾಡಿ, ತೊಗಟೆ ಉಜ್ಜಿ ಅಂತ ಬೆಳೆಗಾರರಿಗೆ ಹೇಳುವುದು ಇದಕ್ಕೇ. ಅದೇ ತೋಟದ ರೋಬಸ್ಟಾದ ಎಳೆ ರೆಂಬೆಗಳಲ್ಲಿ ಶಾಟ್ ಹೋಲ್ ಬೋರರ್ ಇರುತ್ತದೆ. ರೆಂಬೆಯ ಅಡಿಭಾಗದಲ್ಲಿ ಗುಂಡುಸೂಜಿ ಚುಚ್ಚಿದಷ್ಟು ತೂತು, ಒಳಗೆ ಅದು ಬೆಳೆಸಿದ ಶಿಲೀಂಧ್ರ. ಮರಿಗಳು ತಿನ್ನುವುದು ಆ ಶಿಲೀಂಧ್ರವನ್ನು, ಕಾಫಿ ಮರವನ್ನಲ್ಲ. ಎರಡೂ ಕಾಫಿಯ ಕೊರಕಗಳೇ. ಆದರೆ ಬೇರೆ ಗಿಡ, ಬೇರೆ ಭಾಗ, ಬೇರೆ ಊಟ. ದುಂಬಿಗಳ ವಂಶದಲ್ಲೂ ಇವು ತೀರಾ ದೂರದವು. ಇವು ಜಗಳವಾಡಿ ತೋಟ ಹಂಚಿಕೊಂಡವು ಅಂದರೆ ನಗು ಬರುತ್ತದೆ. ಬಂದಾಗಲೇ ಅವುಗಳ ರೀತಿ ಬೇರೆಯಾಗಿತ್ತು, ಅಷ್ಟೇ. ಜೋಸೆಫ್ ಕಾನೆಲ್ ಎಂಬ ಪರಿಸರ ವಿಜ್ಞಾನಿ 1980ರಲ್ಲಿ ತಮ್ಮ ಕ್ಷೇತ್ರದವರಿಗೆ ಕೊಟ್ಟ ಎಚ್ಚರಿಕೆಯೂ ಇದೇ. ಕಣ್ಣೆದುರಿನ ಪ್ರತಿ ವ್ಯತ್ಯಾಸಕ್ಕೂ ಯಾರೂ ನೋಡದ ಹಳೆಯ ಪೈಪೋಟಿಯನ್ನು ಕಾರಣ ಮಾಡಬೇಡಿ ಎಂದರು.

ಹಾಗಾದರೆ ಸಹಬಾಳ್ವೆಗೆ ಏನು ಬೇಕು? ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲಿದೆ. ಪೂರ್ತಿ ಬೇರೆಯಾಗಿರಬೇಕಿಲ್ಲ. ಪ್ರತಿ ಜಾತಿಯೂ ಪರರಿಗೆ ಕೊಡುವ ಕಾಟಕ್ಕಿಂತ ತನ್ನವರಿಗೇ ಹೆಚ್ಚು ಕಾಟ ಕೊಟ್ಟರೆ ಸಾಕು. ಕ್ಯಾಲಿಗ್ರಾಫಸ್ ಸಂಖ್ಯೆ ಏರಿತು ಅಂದುಕೊಳ್ಳಿ. ಅದರ ಹುಳುಗಳು ಕೆಳಗಿನ ದಪ್ಪ ತೊಗಟೆಯಲ್ಲಿ ಮೊದಲು ಒಂದನ್ನೊಂದು ಒತ್ತುತ್ತವೆ. ತುದಿಯಲ್ಲಿರುವ ಅವಲ್ಸಸ್‌ಗೆ ಅದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಹೆಚ್ಚಾದದ್ದು ತನ್ನ ಗದ್ದಲದಿಂದಲೇ ನಿಧಾನವಾಗುತ್ತದೆ. ಕಡಿಮೆಯಾದದ್ದಕ್ಕೆ ತನ್ನವರ ಒತ್ತಡ ಕಡಿಮೆ, ಹಾಗಾಗಿ ಅದು ಮತ್ತೆ ಏರುತ್ತದೆ. ಯಾವುದೂ ಪೂರ್ತಿ ಗೆಲ್ಲುವುದಿಲ್ಲ, ಯಾವುದೂ ಪೂರ್ತಿ ಸೋಲುವುದಿಲ್ಲ. ಗಾಸ್‌ನ ಎರಡನೇ ಕೊಳವೆಯಲ್ಲಿ ಆದದ್ದೂ ಇದೇ. ಎತ್ತರ, ಸಮಯ, ವಾಸನೆ, ಶತ್ರು, ಅದೃಷ್ಟ ಎಲ್ಲವೂ ಮುಖ್ಯವಾಗುವುದು ಈ ಒಂದು ಲೆಕ್ಕಕ್ಕೆ ನೆರವಾಗುವುದರಿಂದ.

ಅದರಲ್ಲೂ ವಾಸನೆಯ ಕಥೆ ಬಲು ಸ್ವಾರಸ್ಯದ್ದು. ಸದರ್ನ್ ಪೈನ್ ಬೀಟಲ್‌ನ ಹೆಣ್ಣು ಮರ ಕೊರೆಯುತ್ತಲೇ ಫ್ರಂಟಾಲಿನ್ ಎಂಬ ರಾಸಾಯನಿಕ ಬಿಡುತ್ತದೆ. ಮರದ ರಾಳದ ವಾಸನೆ ಅದಕ್ಕೆ ಸೇರಿದಾಗ ಸುತ್ತಲಿನ ದುಂಬಿಗಳೆಲ್ಲ ಓಡಿ ಬರುತ್ತವೆ. ಬರಲೇಬೇಕು. ಆರೋಗ್ಯದ ಪೈನ್ ಮರ ಕೊರೆದಲ್ಲಿ ರಾಳ ಸುರಿಸಿ ಒಂಟಿ ದುಂಬಿಯನ್ನು ಮುಳುಗಿಸಿಬಿಡುತ್ತದೆ. ನೂರಾರು ಕಡೆ ಒಟ್ಟಿಗೆ ಕೊರೆದರೆ ಮಾತ್ರ ರಾಳ ಬತ್ತುತ್ತದೆ. ಆದರೆ ಜನಸಂದಣಿ ಒಂದು ಮಟ್ಟ ಮುಟ್ಟಿದ ಮೇಲೆ ಸಂದೇಶ ಬದಲಾಗುತ್ತದೆ. ಒಳಗೆ ಬಂದ ಗಂಡುಗಳಿಂದ ವರ್ಬಿನೋನ್, ಎಂಡೊ ಬ್ರೆವಿಕೋಮಿನ್ ಎಂಬ ವಾಸನೆಗಳು ಹೊರಡುತ್ತವೆ. ಅವು ಜಾಸ್ತಿಯಾದಾಗ ಅರ್ಥ ಇಷ್ಟೇ: ಇಲ್ಲಿ ಜಾಗ ಇಲ್ಲ. ಹೊಸದಾಗಿ ಬಂದವು ಪಕ್ಕದ ಮರಕ್ಕೆ ತಿರುಗುತ್ತವೆ. ತನ್ನ ಜಾತಿಗೆ ತಾನೇ ಬೇಲಿ ಹಾಕುವುದು ಅಂದರೆ ಇದು.

ಪರ ಜಾತಿಗೂ ವಾಸನೆಯಿಂದಲೇ ಬೇಲಿ ಹಾಕಬಹುದು. ಅದರ ಒಳ್ಳೆಯ ಉದಾಹರಣೆ ಸಿಗುವುದು ದಕ್ಷಿಣದ ಈ ಕಾಡುಗಳಲ್ಲಿ ಅಲ್ಲ, ಕ್ಯಾಲಿಫೋರ್ನಿಯಾದ ಪಾಂಡೆರೋಸಾ ಪೈನ್‌ಗಳಲ್ಲಿ. ಅಲ್ಲಿ ಇಪ್ಸ್ ಪೈನಿ ಮತ್ತು ಇಪ್ಸ್ ಪ್ಯಾರಾಕನ್‌ಫ್ಯೂಸಸ್ ಎಂಬ ಎರಡು ದುಂಬಿಗಳಿವೆ. ಎರಡೂ ಇಪ್ಸ್‌ಡೀನಾಲ್ ಎಂಬ ಒಂದೇ ರಾಸಾಯನಿಕ ಬಿಡುತ್ತವೆ. ಆದರೆ ಎಡಗೈ ಬಲಗೈ ಇದ್ದ ಹಾಗೆ ಆ ಅಣುವಿಗೆ ಎರಡು ರೂಪಗಳಿವೆ. ಅವೇ ಪರಮಾಣುಗಳು, ಅದೇ ಜೋಡಣೆ, ಆದರೆ ಒಂದನ್ನು ಇನ್ನೊಂದರ ಮೇಲೆ ಕೂರಿಸಲಾಗದು. ಪೈನಿ ಒಂದು ರೂಪ ಬಳಸುತ್ತದೆ, ಪ್ಯಾರಾಕನ್‌ಫ್ಯೂಸಸ್ ಇನ್ನೊಂದು ರೂಪವನ್ನು ಇಪ್ಸಿನಾಲ್ ಎಂಬ ಬೇರೊಂದು ವಾಸನೆಯ ಜೊತೆ ಬೆರೆಸಿ ಬಳಸುತ್ತದೆ. ಒಂದರ ಕರೆ ಇನ್ನೊಂದಕ್ಕೆ ತಡೆ. ಯಾರು ಮೊದಲು ದಿಮ್ಮಿ ಹಿಡಿದರೋ ಅವರ ವಾಸನೆ ಎದುರಾಳಿಯನ್ನು ದೂರ ಇಡುತ್ತದೆ. ಜಗಳಕ್ಕೆ ಮೊದಲೇ ಜಗಳ ತಪ್ಪುತ್ತದೆ. ಅದೂ ಒಂದು ಅಣು ಎತ್ತ ತಿರುಗಿದೆ ಎಂಬಷ್ಟು ಸಣ್ಣ ವ್ಯತ್ಯಾಸದಿಂದ.

ದಕ್ಷಿಣದ ಮೂರು ಇಪ್ಸ್‌ಗಳೂ ತಮ್ಮ ತಮ್ಮ ಮಿಶ್ರಣ ಇಟ್ಟುಕೊಂಡಿವೆ. ಗ್ರಾಂಡಿಕಾಲಿಸ್‌ನದು ಇಪ್ಸಿನಾಲ್, ಉಳಿದೆರಡರದ್ದು ಇಪ್ಸ್‌ಡೀನಾಲ್ ಆಧಾರದ್ದು. ಆದರೆ ಇಲ್ಲಿ ವಾಸನೆ ಬರೀ ತಡೆಯಲ್ಲ. ಒಂದು ಜಾತಿ ನುಗ್ಗಿದ ಮರದ ಸುದ್ದಿ ಇನ್ನೊಂದಕ್ಕೂ ಕೇಳಿಸುತ್ತದೆ. ಸದರ್ನ್ ಪೈನ್ ಬೀಟಲ್ ಕೆಡವಿದ ಮರಕ್ಕೆ ಇಪ್ಸ್‌ಗಳು ಹಿಂದೆಯೇ ಬಂದು ಅದು ಬಿಟ್ಟ ತುದಿ, ಕೊಂಬೆಗಳನ್ನು ಹಿಡಿಯುತ್ತವೆ. ಗಟ್ಟಿ ಮರವನ್ನು ಕೊಲ್ಲುವ ಶಕ್ತಿ ಸಾಮಾನ್ಯವಾಗಿ ಇಪ್ಸ್‌ಗಳಿಗಿಲ್ಲ. ಆ ಅರ್ಥದಲ್ಲಿ ಎದುರಾಳಿಯಿಂದ ಅವುಗಳಿಗೆ ಉಪಕಾರವೂ ಇದೆ.

ಇಷ್ಟು ಹೊತ್ತು ನೋಡಿದ್ದು ತೊಗಟೆ ದುಂಬಿಗಳನ್ನು ಮಾತ್ರ. ಮರದ ಒಳಕ್ಕೆ ಹೋಗುವವರೂ ಇದ್ದಾರೆ. ಪ್ಲಾಟಿಪಸ್ ಎಂಬ ಕೊರಕ ದುಂಬಿ (ಆಸ್ಟ್ರೇಲಿಯಾದ ಪ್ರಾಣಿ ಅಲ್ಲ, ಹೆಸರಷ್ಟೇ ಒಂದೇ ಥರ) ಒಳತೊಗಟೆಯನ್ನು ದಾಟಿ ನೇರ ಮರಕ್ಕೆ ತೂತು ಹಾಕಿ ಶಿಲೀಂಧ್ರ ಬೆಳೆಸುತ್ತದೆ. ನಮ್ಮ ಶಾಟ್ ಹೋಲ್ ಬೋರರ್ ಮಾಡುವ ಕೆಲಸವೇ. ಮೇಲಿನ ಐದರ ಊಟಕ್ಕೆ ಇದರಿಂದ ತೊಂದರೆ ಇಲ್ಲ.

ತೊಂದರೆ ಕೊಡುವುದು ಮೊನೊಕಾಮಸ್. ಮೈಗಿಂತ ಉದ್ದ ಮೀಸೆಯ ದೊಡ್ಡ ದುಂಬಿ. ಸಾಯುತ್ತಿರುವ ಪೈನ್‌ನ ತೊಗಟೆಯನ್ನು ಹೆಣ್ಣು ಕಚ್ಚಿ ಸಣ್ಣ ಗುಳಿ ಮಾಡಿ ಅದರಲ್ಲಿ ಮೊಟ್ಟೆ ಇಡುತ್ತದೆ. ಹುಳು ಮೊದಲ ಕೆಲವು ವಾರ ಒಳತೊಗಟೆಯಲ್ಲೇ ಮೇಯುತ್ತದೆ, ಆಮೇಲೆ ಮರದೊಳಗೆ ಇಳಿಯುತ್ತದೆ. ಅದು ಮರ ಕೆರೆಯುವ ಸದ್ದು ಹತ್ತಿರ ನಿಂತವರ ಕಿವಿಗೂ ಬೀಳುತ್ತದೆ. ಅಮೆರಿಕದವರು ಇದನ್ನು ಸಾಯರ್, ಅಂದರೆ ಗರಗಸದವನು, ಅನ್ನುತ್ತಾರೆ. ಮೇಯುವ ದಾರಿಯಲ್ಲಿ ತೊಗಟೆ ದುಂಬಿಯ ಮರಿಗಳು ಎದುರಾದರೆ ಅದು ಬಳಸಿ ಹೋಗುವುದಿಲ್ಲ, ತಿಂದೇ ಮುಂದೆ ಹೋಗುತ್ತದೆ. ಮರ ತಿನ್ನುವ ಹುಳು ಬೇಟೆಯಾಡುವುದನ್ನು 2001ರಲ್ಲಿ ಪ್ರಕಟವಾದ ಪ್ರಯೋಗವೊಂದು ಖಚಿತವಾಗಿ ತೋರಿಸಿತು. ಪೈಪೋಟಿಯೂ ಹೌದು, ಬೇಟೆಯೂ ಹೌದು. ಆದರೆ ಗರಗಸದ ಹುಳುಗಳು ತಮ್ಮವರನ್ನೂ ಬಿಡುವುದಿಲ್ಲ. ಎರಡು ಎದುರಾದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಮತ್ತೆ ಅದೇ ಲೆಕ್ಕ: ಸಂಖ್ಯೆ ಏರಿದರೆ ಮೊದಲ ಪೆಟ್ಟು ಸ್ವಂತದವರಿಗೆ. ಜೊತೆಗೆ ಅವಸರದ ಅವಲ್ಸಸ್‌ಗೆ ಇಲ್ಲಿ ಲಾಭ ಇದೆ. ಬೇಗ ಬೆಳೆದು ಹಾರಿಹೋದ ಮರಿಯನ್ನು ತಡವಾಗಿ ದೊಡ್ಡದಾಗುವ ಹುಳು ತಿನ್ನಲಾರದು.

ಇನ್ನು ಅದೃಷ್ಟ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸೊರಗಿದ ಮರ ಕಾಡಿನಲ್ಲಿ ಎಲ್ಲೋ ಒಂದು, ಯಾವಾಗಲೋ ಒಂದು. ಸಿಡಿಲು, ಬಿರುಗಾಳಿ, ಬರ ಯಾವ ಮರಕ್ಕೆ ತಗಲುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಸದರ್ನ್ ಪೈನ್ ಬೀಟಲ್ ಕಡಿಮೆ ಇರುವ ವರ್ಷಗಳಲ್ಲಿ ಅದು ಉಸಿರು ಹಿಡಿದುಕೊಳ್ಳುವುದೇ ಸಿಡಿಲು ಬಡಿದ ಮರಗಳಲ್ಲಿ. ಅಂಥ ಮರಕ್ಕೆ ಯಾರು ಮೊದಲು ತಲುಪುತ್ತಾರೆ ಎಂಬುದು ಹತ್ತಿರದಲ್ಲಿ ಯಾರಿದ್ದರು ಎಂಬುದರ ಮೇಲೆ ನಿಂತಿದೆ. ಅಟ್ಕಿನ್ಸನ್ ಮತ್ತು ಶೊರಾಕ್ಸ್ ಎಂಬ ಬ್ರಿಟಿಷ್ ವಿಜ್ಞಾನಿಗಳು 1981ರಲ್ಲಿ ಹಣ್ಣಿನ ನೊಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಕಂಪ್ಯೂಟರ್ ಮಾದರಿ ಮಾಡಿದರು. ಆಹಾರ ಚೂರುಚೂರಾಗಿ ಹರಡಿದ್ದು, ಬೇಗ ಮುಗಿಯುವಂಥದ್ದಾಗಿದ್ದರೆ, ಬಲಿಷ್ಠ ಜಾತಿ ಕೆಲವು ಚೂರುಗಳಲ್ಲೇ ಗುಂಪು ಕಟ್ಟುತ್ತದೆ. ಉಳಿದ ಚೂರುಗಳು ದುರ್ಬಲ ಜಾತಿಗೆ ಸಿಗುತ್ತವೆ. ಊಟದಲ್ಲಿ ಯಾವ ವ್ಯತ್ಯಾಸ ಇಲ್ಲದೆಯೂ ಎರಡೂ ಬದುಕಬಹುದು. ತೊಗಟೆ ದುಂಬಿಗಳು ವಾಸನೆ ಬಿಟ್ಟು ತಮ್ಮವರನ್ನು ಒಂದೇ ಮರಕ್ಕೆ ಕರೆಯುವಾಗ ತಿಳಿಯದೆ ಮಾಡುವುದು ಇದನ್ನೇ. ಇಲ್ಲಿ ಗುಂಪಾದಷ್ಟೂ ಅಲ್ಲಿ ಖಾಲಿ.

ಈ ಲೆಕ್ಕ ತಪ್ಪುವುದೂ ಉಂಟು. ಸದರ್ನ್ ಪೈನ್ ಬೀಟಲ್ ಕೆಲವು ವರ್ಷ ಕೈಮೀರಿ ಏರುತ್ತದೆ. 2000ನೇ ಇಸವಿಯ ಆಸುಪಾಸಿನಲ್ಲಿ ದಕ್ಷಿಣ ಅಪಲಾಚಿಯನ್ ಭಾಗದಲ್ಲಿ ಹಾಗೆ ಏರಿ ಲಕ್ಷಾಂತರ ಎಕರೆ ಪೈನ್ ಕಾಡಿಗೆ ಪೆಟ್ಟು ಕೊಟ್ಟಿತು. ಸಂಖ್ಯೆ ಅಷ್ಟಿದ್ದಾಗ ಅದಕ್ಕೆ ಸೊರಗಿದ ಮರವೇ ಬೇಕೆಂದಿಲ್ಲ. ಗಟ್ಟಿ ಮರಗಳೂ ಊಟವೇ ಆದ ಮೇಲೆ ಇಪ್ಸ್ ಜೊತೆ ಪೈಪೋಟಿಯ ಮಾತೇ ಉಳಿಯುವುದಿಲ್ಲ. ಆದರೂ ಅದು ಮತ್ತೆ ಇಳಿಯುತ್ತದೆ. ಇಳಿಸುವವರಲ್ಲಿ ಮುಖ್ಯವಾದದ್ದು ಥನಾಸಿಮಸ್ ಡೂಬಿಯಸ್ ಎಂಬ ಬೇಟೆಗಾರ ದುಂಬಿ. ಫ್ರಂಟಾಲಿನ್ ವಾಸನೆ ಇದಕ್ಕೆ ಊಟದ ಕರೆ. ಮರಕ್ಕೆ ಬಂದಿಳಿಯುವ ದುಂಬಿಗಳನ್ನು ತೊಗಟೆಯ ಮೇಲೇ ಹಿಡಿದು ತಿನ್ನುತ್ತದೆ, ಇಪ್ಸ್‌ಗಳ ವಾಸನೆಗೂ ಬರುತ್ತದೆ. ಯಾವ ಜಾತಿ ಜೋರಾಗಿ ಕೂಗುತ್ತದೋ ಅಲ್ಲಿಗೆ ಈ ಬೇಟೆಗಾರನ ಗಮನ. ಆದರೆ ಬೇಟೆಗಾರನ ಸಂಖ್ಯೆ ಏರಲು ಕಾಲ ಹಿಡಿಯುತ್ತದೆ, ಅಷ್ಟರಲ್ಲಿ ಕಾಡು ಒಂದಿಷ್ಟು ಹೋಗಿರುತ್ತದೆ.

ಅರಣ್ಯ ಇಲಾಖೆಯವರು ಇದನ್ನೇ ಮುನ್ಸೂಚನೆಗೆ ಬಳಸಿಕೊಂಡಿದ್ದಾರೆ. ಟೆಕ್ಸಾಸ್‌ನ ಅರಣ್ಯ ಕೀಟತಜ್ಞ ರೊನಾಲ್ಡ್ ಬಿಲ್ಲಿಂಗ್ಸ್ 1980ರ ದಶಕದಲ್ಲಿ ಶುರು ಮಾಡಿದ ಪದ್ಧತಿ ಇದು. ವಸಂತದಲ್ಲಿ ಡಾಗ್‌ವುಡ್ ಹೂ ಬಿಡುವ ಹೊತ್ತಿಗೆ ಫ್ರಂಟಾಲಿನ್ ಹಾಕಿದ ಬಲೆಗಳನ್ನು ಕಾಡಿನಲ್ಲಿ ತೂಗುಹಾಕುತ್ತಾರೆ. ಕೆಲವು ವಾರ ಬಿಟ್ಟು ಎರಡೇ ಲೆಕ್ಕ ತೆಗೆಯುತ್ತಾರೆ: ಸದರ್ನ್ ಪೈನ್ ಬೀಟಲ್ ಎಷ್ಟು, ಥನಾಸಿಮಸ್ ಎಷ್ಟು. ಬೇಟೆಗಾರನ ಪಾಲು ದೊಡ್ಡದಿದ್ದರೆ ಆ ವರ್ಷ ಹಾವಳಿ ಇಳಿಯುತ್ತದೆ ಎಂದು ಲೆಕ್ಕ. ದುಂಬಿಯೇ ತುಂಬಿದ್ದು ಬೇಟೆಗಾರ ಬೆರಳೆಣಿಕೆಯಷ್ಟಿದ್ದರೆ ಬೇಸಿಗೆಗೆ ಮೊದಲೇ ಕಾಡಿನ ಮಾಲೀಕರಿಗೆ ಎಚ್ಚರಿಕೆ ಹೋಗುತ್ತದೆ.